ಕೆಳಮನೆಯ ತಟ್ಟೆಗಳು

ಮಂಗಳವಾರ, ಜೂನ್ ೧೧

ದೊಡ್ಡದೋ ಚಿಕ್ಕದೋ ಎಂದು ತಲೆ ಕೆಡಿಸಿಕೊಂಡು, ಕೊನೆಗೆ ನನ್ನ ಹಾಡುಗಳ ಮಿಕ್ಸಿಂಗ್ ಕೆಲಸಕ್ಕೆ ಕೈಗೆಟುಕುವ ಎಂಟು ಇಂಚಿನ ಸಬ್‌ವೂಫರನ್ನೇ, ಅಂದರೆ ತಗ್ಗು ದನಿಯ ಸ್ಪೀಕರನ್ನೇ, ತಂದೆ. ಗೂಡಿನಂಥ ಈ ಕೋಣೆಗೆ ಅದೇ ಹೆಚ್ಚು. ಬೆಳಿಗ್ಗೆ ಆನ್ ಮಾಡಿದೊಡನೆ ನನ್ನ ಹುಳುಕೆಲ್ಲ ಬಯಲಾಯಿತು. ಪುಟ್ಟ ಸ್ಪೀಕರುಗಳಲ್ಲಿ ಬೇಸ್, ಆ ತಗ್ಗು ಗುಡುಗು, ನನ್ನ ಕಿವಿಗೆ ಸರಿಯಾಗಿ ಕೇಳುವುದಿಲ್ಲವೆಂದು ಇಷ್ಟು ದಿನ ಪ್ರತಿ ಹಾಡಿಗೂ ಅದನ್ನು ಧಾರಾಳವಾಗಿ ಸುರಿದಿದ್ದೆ! ಕೂತು ಎಲ್ಲ ಹಾಡುಗಳಲ್ಲೂ ಬೇಸ್ ಇಳಿಸಿದೆ.

ಸಂಜೆ ಕೆಳಮನೆಯ ಅಜ್ಜಿ ಏದುಸಿರು ಬಿಡುತ್ತ ಮೇಲೆ ಬಂದರು.

"ಹುಷಾರಿದ್ದೀಯೇನೇ? ಇವತ್ತು ನನ್ನ ತಟ್ಟೆಗಳು ಕುಣೀಲೇ ಇಲ್ಲ."

"ಅಯ್ಯೋ, ದಿನಾ ಕುಣೀತಿದ್ವಾ? ಹೇಳ್ಬಾರದಿತ್ತಾ ಅಜ್ಜಿ?"

"ನಿನ್ನ ಹೊಟ್ಟೆಪಾಡಲ್ವೇನೇ? ಸದ್ದಾಗದ ಹಾಗೆ ತಟ್ಟೆಗಳ ಮಧ್ಯ ಬಟ್ಟೆ ಮಡಚಿಟ್ಟಿದ್ದೆ, ಬಿಡು."

ನನ್ನ ಕಿವಿಗೆ ಕೇಳದ ಬೇಸ್ ನೆಲದೊಳಗಿಂದ ಕೆಳಗಿಳಿಯುತ್ತಿದ್ದರೂ, ಪುಣ್ಯಾತ್ಗಿತ್ತಿ, ಸದ್ದು ಸಾಕೆಂದು ಒಮ್ಮೆಯೂ ಸೂರಿಗೆ ಕೋಲು ತಟ್ಟಲಿಲ್ಲ. ನಾಳೆ ನಾನೇ ಕೆಳಗಿಳಿದು ಆ ಬಟ್ಟೆಗಳನ್ನೆಲ್ಲ ತೆಗೆದು, ಒಗೆದು, ಮಡಚಿ ಅವರ ಕೈಗೆ ಕೊಡಬೇಕು. ಆಮೇಲೆ ಮೇಲೆ ಹಾಡು ಹಚ್ಚಿಟ್ಟು ಬಂದು, ಅಲ್ಲೇ ತಟ್ಟೆಗಳ ಪಕ್ಕ ಕೂತು, ಅವು ಕುಣಿಯುತ್ತವೋ ಇಲ್ಲವೋ ನೋಡಬೇಕು.