ಕೆಂಪು ಕಾರಿಗೆ ಬಿಳಿ ಚೀಟಿ

ಏಪ್ರಿಲ್ ೨೦, ಭಾನುವಾರ. ಬೆಳಿಗ್ಗೆ ೭
ಕಾಫಿ. ಮತ್ತೆ ಅದೇ ಫೋನು, ಅದೇ ಹಳೇ ಕಾರುಗಳ ಫೋಟೋ. ಹೆಂಡತಿ ವನ್ನಿಫಾಗೆ ಗುಡ್ಡದ ಶಾಲೆಗೆ ವರ್ಗ. ಮೇ ೧೬ಕ್ಕೆ ಹಾಜರಾಗಬೇಕು. ಹೋದ ಮಳೆಗಾಲ ಬೈಕಿನಿಂದ ಬಿದ್ದು ಕಾಲರ್ ಮೂಳೆ ಮುರಿದುಕೊಂಡವಳು. ಆ ಏರನ್ನು ಮತ್ತೆ ಎರಡು ಚಕ್ರದಲ್ಲಿ… ಬೇಡ. ಸಣ್ಣದೊಂದು ಎಸ್‌ಯುವಿ ಸಾಕು. ಹಳೆಯದಿರಲಿ, ಹಠ ಮಾಡದಿರಲಿ.

ಏಪ್ರಿಲ್ ೨೩
ಚಿಯಾಂಗ್ ರಾಯ್ ಪೇಟೆ. ಬೆಳ್ಳಿ ಬಣ್ಣದ್ದು, ಫಳಫಳ. ಮೆಕ್ಯಾನಿಕ್ ಪ್ರಸಿತ್ ಮಾಮ ಬಾನೆಟ್ ಎತ್ತಲೇ ಇಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದ. ತುದಿಯಲ್ಲಿ ಒಣಗಿದ ಕೆಸರು.
"ಇದು ಓಡಿದ್ದಕ್ಕಿಂತ ಈಜಿದ್ದೇ ಜಾಸ್ತಿ ಕಣಪ್ಪಾ."
ಪ್ರವಾಹದ ಕಾರು. ವಾಪಸ್ಸು.

ಮೇ ೩, ಶನಿವಾರ
ಸಿಕ್ಕಿತು! ನಿವೃತ್ತ ನರ್ಸ್ ಸುನೀಯವರದು. ಒಂಬತ್ತು ವರ್ಷ, ಒಬ್ಬರೇ ಒಡೆಯರು. ಆಯಿಲ್ ಬದಲಿಸಿದ ದಿನಗಳನ್ನೆಲ್ಲ ರೋಗಿಯ ಚಾರ್ಟಿನಂತೆ ಬರೆದಿಟ್ಟಿದ್ದಾರೆ. ಬೆಲ್ಟು ಎಳೆದರೆ ಬರೀ ಧೂಳು. ಪ್ರಸಿತ್ ಮಾಮ ತಲೆಯಾಡಿಸಿದ — ಅವನ ಮಟ್ಟಿಗೆ ಅದೇ ಬಿರುದು. ಕೊಂಡೇಬಿಟ್ಟೆ.
ಬಣ್ಣ ಮಾತ್ರ ಕೆಂಪು.

ಅದೇ ದಿನ, ಸಂಜೆ
ಅತ್ತೆ ಗೇಟಿನಲ್ಲೇ ತಡೆದರು. "ಸೋಮವಾರ ಹುಟ್ಟಿದೋಳಿಗೆ ಕೆಂಪು ಆಗಿಬರಲ್ಲ ಅಂತ ಗೊತ್ತಿಲ್ವಾ ಅಳಿಯಂದ್ರೇ? ಇನ್ನೊಂದು ಮೂಳೇನೂ ಮುರೀಲಿ ಅಂತಾನಾ?"
"ಜನನ ಪತ್ರದಲ್ಲಿ ಮಂಗಳವಾರ ಅಂತಿದೆಯಲ್ಲಮ್ಮ."
"ಬೆಳಗಿನ ಜಾವ ನಾಲ್ಕಕ್ಕೆ ಹುಟ್ಟಿದ್ದು. ಸೂರ್ಯ ಬಂದಿದ್ನಾ? ಹೆತ್ತಿದ್ದು ನಾನಾ, ಪತ್ರಾನಾ?"
ಈ ಥಾಯ್ ಲೆಕ್ಕದಂತೆ ನಮ್ಮ ಕನ್ನಡ ಪಂಚಾಂಗದಲ್ಲೂ ದಿನ ಬದಲಾಗುವುದು ಸೂರ್ಯೋದಯಕ್ಕೇ. ವಾದ ಅಲ್ಲಿಗೆ ಮುಗಿಯಿತು. ವನ್ನಿಫಾ ನಗಲಿಲ್ಲ, ಹೆಗಲು ಸವರಿಕೊಂಡಳು. "ಅಮ್ಮ ಹೀಗಂದ್ಮೇಲೆ ಆ ಏರಲ್ಲಿ ಇದನ್ನ ಓಡ್ಸೋಕೆ ನಂಗೆ ಧೈರ್ಯ ಬರಲ್ಲ ಕಣ್ರೀ."

ಮೇ ೯
ಆರು ದಿನದಿಂದ ಕಾರು ನಿಂತಲ್ಲೇ. ಬಣ್ಣ ಕೆಂಪಾದರೇನು, ಎಂಜಿನ್ ತಂಪಲ್ಲವೇನು — ಹೇಳಿ ನೋಡಿದೆ. ಪ್ರಾಸಕ್ಕೆ ಪ್ರಸಾದ ಸಿಗಲಿಲ್ಲ. ಕೊನೆಗೆ, ಕಾರಿನ ಬಣ್ಣ ಆಗಿಬರದಿದ್ದರೆ ಇಲ್ಲಿ ಊರೆಲ್ಲ ಮಾಡುವುದನ್ನೇ ಮಾಡಿದೆ. ಅಂಗಡಿಯಿಂದ ಚೀಟಿ ತಂದು ಹಿಂದಿನ ಗಾಜಿಗೆ ಅಂಟಿಸಿದೆ: "ಈ ಕಾರಿನ ಬಣ್ಣ ಬಿಳಿ."
ಅತ್ತೆ ಕನ್ನಡಕ ಹಾಕಿ ಓದಿದರು. ಕಾರಿಗೆ ಒಂದು ಸುತ್ತು ಬಂದರು.
"ಹೂಂ. ಬಿಳಿ ಚೆನ್ನಾಗಿ ಒಪ್ಪುತ್ತೆ."
ಮೊದಲು ಹತ್ತಿ ಕೂತವರೂ ಅವರೇ. ಮಗಳನ್ನು ಕರೆದರು: "ಬಾರೇ, ಓಡ್ಸು."

ಮೇ ೧೬, ಸಂಜೆ ೫
ಬೆಳಿಗ್ಗೆಯಿಂದ ಮಳೆ. ಎಂಟಕ್ಕೆ ವನ್ನಿಫಾ ಫೋನು. "ತಲುಪಿದೆ ಕಣ್ರೀ. ಒಂದ್ಸಲಾನೂ ಜಾರ್ಲಿಲ್ಲ. ಎರಡನೇ ಕ್ಲಾಸಿನ ಪೋರಿ ಚೀಟಿ ಓದಿ ಕೇಳ್ತಾಳೆ — ಟೀಚರ್, ನಿಮ್ಗೆ ಬಣ್ಣಾನೇ ಗೊತ್ತಾಗಲ್ವಾ ಅಂತ!" ಎಷ್ಟು ದಿನಕ್ಕೆ ಆ ನಗು.
ಅತ್ತೆ ನಾಲ್ಕರಿಂದಲೇ ಗೇಟಿನಲ್ಲಿ, ಛತ್ರಿ ಹಿಡಿದು. ಈಗ ಕೂಗುತ್ತಿದ್ದಾರೆ: "ಅಳಿಯಂದ್ರೇ, ಬಿಳಿ ಕಾರು ಬಂತು!"
ಕಿಟಕಿಯಿಂದ ನೋಡಿದೆ. ತಿರುವಿನಲ್ಲಿ, ಮಳೆಯಲ್ಲಿ… ಆಣೆಗೂ, ನನ್ನ ಕಣ್ಣಿಗೂ ಅದು—