ಶುಭಾಶಯ ಬಂದ ಮನೆಗೆ ಆಂಬುಲೆನ್ಸ್ ಬರಲಿಲ್ಲ

ದೂರವಾಣಿ ಸೇವೆಗಳ ನಿಯಂತ್ರಣಾಧಿಕಾರಿಗಳಿಗೆ,

ಮಾನ್ಯರೇ,

‘ಕೂಗಿದವರ ಮನೆಗೆ ಕೂಗೇ ದಾರಿ’ ಎಂಬ ಸಾಲನ್ನು ಎಲ್ಲೋ ಓದಿದ್ದೆ. ಮುಂದಿನ ಸಾಲು ನೆನಪಿಲ್ಲ, ಬರೆದವರು ಯಾರೆಂಬುದೂ ಮರೆತಿದೆ. ಅವರು ಸಿಕ್ಕರೆ ಒಂದು ಮಾತು ಕೇಳಬೇಕು: ಇಂಟರ್ನೆಟ್ ಫೋನಿನಲ್ಲಿ ಕೂಗಿದರೂ ಇದು ನಿಜವೇ? ನನ್ನಕ್ಕ ಕೂಗಿದಾಗ ಆಂಬುಲೆನ್ಸ್ ಹೋದದ್ದು ನಾವು ನಾಲ್ಕು ತಿಂಗಳ ಹಿಂದೆ ಬಿಟ್ಟುಬಂದ ಮನೆಗೆ. ಆ ವಿಳಾಸ ಕೊಟ್ಟದ್ದು ನಿಮ್ಮ ಅಂಕೆಯಲ್ಲಿರುವ ಒಂದು ಕಂಪನಿ. ನಾಳೆಯೂ ಅದು ಹಾಗೆಯೇ ಮಾಡಬಹುದಾದಂಥ ಕರಡು ನಿಯಮವನ್ನು ಪ್ರಕಟಿಸಿ ನೀವು ಸಾರ್ವಜನಿಕರ ಅಭಿಪ್ರಾಯ ಕೇಳಿದ್ದೀರಿ. ಇದು ನನ್ನದು.

ಅಕ್ಕ ಮನೆಯಲ್ಲೇ ಪುಸ್ತಕ ಬೈಂಡ್ ಮಾಡುತ್ತಾಳೆ. ಬೆರಳಿಗೆ ಸದಾ ಅಂಟು. ಮೊಬೈಲಿನ ಗಾಜು ಅವಳ ಬೆರಳನ್ನು ಗುರುತಿಸುವುದೇ ಇಲ್ಲ. ಅದಕ್ಕೇ ಗೆಣ್ಣಿನಿಂದ ಒತ್ತಿದರೂ ಕೇಳುವ ದೊಡ್ಡ ಗುಂಡಿಗಳ ಫೋನು ತಂದು ಇಂಟರ್ನೆಟ್ ಪೆಟ್ಟಿಗೆಗೆ ಸಿಕ್ಕಿಸಿದೆವು. ಮಾರಿದವನು, “ಮನೆ ಬದಲಾಯ್ಸಿದ್ರೆ ಪೆಟ್ಟಿಗೆ ಕಿತ್ಕೊಂಡು ಹೋಗಿ ಮೇಡಂ, ನಂಬರ್ ನಿಮ್ಮ ಹಿಂದೇನೇ ಬರುತ್ತೆ” ಅಂದಿದ್ದ. ಅವನು ಸುಳ್ಳು ಹೇಳಲಿಲ್ಲ. ನಂಬರು ಬಂತು.

ನಾನು ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಜಾಗ ಗೊತ್ತುಮಾಡುವವಳು. ಒಂದು ಪುಸ್ತಕ ಕಪಾಟು ಬದಲಿಸಿದರೂ ಅದರ ಕಾರ್ಡು ತಿದ್ದದೆ ಮನೆಗೆ ಹೊರಡುವುದಿಲ್ಲ. ಅಂಥವಳು ಕಂಪನಿಗೆ ಹೊಸ ವಿಳಾಸ ತಿಳಿಸದಿರುತ್ತೇನೆಯೇ? ಸಾಮಾನು ಬಿಚ್ಚುವ ಮೊದಲೇ ತಿಳಿಸಿದ್ದೆ. ವಾರದೊಳಗೆ ಕಂಪನಿಯಿಂದ ಹೂವಿನ ಚಿತ್ರದ ಕಾರ್ಡು ಬಂತು: ‘ಹೊಸ ಮನೆಗೆ ಹಾರ್ದಿಕ ಶುಭಾಶಯಗಳು.’ ಬಾಗಿಲ ಸಂಖ್ಯೆ, ಅಡ್ಡರಸ್ತೆ, ಎರಡನೆಯ ಮಹಡಿ, ಎಲ್ಲವೂ ಸರಿ. ಸಾಲದೆಂದು ನಾನೇ ಹೊಸ ವಿಳಾಸವನ್ನು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಫೋನಿನ ಮೇಲುಗಡೆ ಗೋಡೆಗೆ ಅಂಟಿಸಿದೆ. ಗಾಬರಿಯಲ್ಲಿ ಮರೆತರೆ ಅಕ್ಕ ನೋಡಿ ಓದಲಿ ಎಂದು. ಓದಲು ಬಾಯಿ ಬೇಕೆಂಬುದು ನನಗೆ ಹೊಳೆದಿರಲಿಲ್ಲ.

ಒಂದು ಗುರುವಾರ ಬೆಳಿಗ್ಗೆ, ನಾನು ಕೆಲಸಕ್ಕೆ ಹೋದ ಮೇಲೆ, ಅವಳ ಬಲಗೈಯಿಂದ ಸೂಜಿ ಜಾರಿತು. ಎಡಗೈ ಗೆಣ್ಣಿನಿಂದ ತುರ್ತು ಸಂಖ್ಯೆ ಒತ್ತಿದಳು. ಆ ಕಡೆಯವರು ಮಾತಾಡಿಸಿದರು. ಇವಳಿಗೆ ನಾಲಿಗೆ ಹೊರಳಲಿಲ್ಲ. ಚೀಟಿಯ ಕೆಳಗೇ ಕೂತು, ಅಕ್ಷರಗಳನ್ನು ನೋಡುತ್ತ, ಗಂಟಲಲ್ಲಿ ಏನೋ ಸದ್ದು ಮಾಡಿದಳಂತೆ. ಪಾರ್ಶ್ವವಾಯು. ಆ ಕಡೆಯವರು ತಮ್ಮ ಪರದೆಯಲ್ಲಿ ಕಂಡ ವಿಳಾಸಕ್ಕೆ ಆಂಬುಲೆನ್ಸ್ ಕಳಿಸಿದರು. ಅವರನ್ನು ನಾನು ದೂರುವುದಿಲ್ಲ.

ಹಳೆಯ ಮನೆಯ ಕೆಳಗೆ ಒಬ್ಬ ದರ್ಜಿಯ ಅಂಗಡಿಯಿದೆ. ಮುಂದಿನದು ಅವರೇ ಹೇಳಿದ್ದು. ಮೇಲೆ ಯಾರೋ ಬೀಗ ಒಡೆಯುತ್ತಿರುವ ಸದ್ದು ಕೇಳಿ ಮೆಟ್ಟಿಲು ಹತ್ತಿ ಹೋದರು.

“ಏನ್ರಪ್ಪಾ, ಹಗಲು ಹೊತ್ತಲ್ಲೇ?”

“ಈ ಮನೆಯಿಂದ ಫೋನ್ ಬಂದಿದೆ. ಯಾರಿಗೋ ಮಾತಾಡಕ್ಕಾಗ್ತಿಲ್ಲ.”

“ಖಾಲಿ ಮನೆ ಕಣ್ರೀ ಇದು. ಫೋನ್ ಮಾಡಿದ್ದು ಗೋಡೆನಾ?”

“ಪರದೇಲಿ ಇದೇ ವಿಳಾಸ ಇದೆ, ಯಜಮಾನ್ರೇ. ಇಲ್ಲಿದ್ದೋರು ಯಾರು?”

ಅಷ್ಟು ಸಾಕಾಯಿತು. ಮನೆ ಬದಲಿಸುವಾಗ ಬೈಂಡಿಂಗಿನ ಕಬ್ಬಿಣದ ಪ್ರೆಸ್ಸಿಗೆ ಹೆಗಲು ಕೊಟ್ಟು ಹೊಸ ಮನೆಯವರೆಗೆ ಬಂದಿದ್ದವರು ಅವರೇ. ಕೊರಳಲ್ಲಿ ಅಳತೆ ಟೇಪು ಹಾಗೇ ಇರಲು ಆಂಬುಲೆನ್ಸ್ ಹತ್ತಿ ದಾರಿ ತೋರಿಸಿದರು. ಅಷ್ಟರಲ್ಲಿ ಮೂವತ್ತೈದು ನಿಮಿಷ ಹೋಗಿತ್ತು. ಅಕ್ಕ ಉಳಿದಳು. ಮಾತು ಅರ್ಧ ಮರಳಿದೆ. ಬಲಗೈ ದಾರ ಹಿಡಿಯುವುದಿಲ್ಲ. “ಅರ್ಧ ಗಂಟೆ ಮುಂಚೆ ಬಂದಿದ್ರೆ ಕೈ ಉಳೀತಿತ್ತೇನೋ” ಎಂದರು ವೈದ್ಯರು.

ಕಂಪನಿಗೆ ಫೋನು ಮಾಡಿದೆ. “ನೀವು ತುರ್ತು ವಿಳಾಸ ಬದಲಾಯ್ಸಿಲ್ಲ ಮೇಡಂ, ಪತ್ರವ್ಯವಹಾರದ ವಿಳಾಸ ಮಾತ್ರ ಬದಲಾಯ್ಸಿದ್ದೀರಿ” ಎಂದಳು ಒಬ್ಬಾಕೆ, ಬಹಳ ಮೃದುವಾಗಿ.

“ಎರಡು ವಿಳಾಸ ಇದೆ ಅಂತ ನಂಗ್ಯಾರು ಹೇಳಿದ್ರು?”

“ಷರತ್ತುಗಳಲ್ಲಿದೆ ಮೇಡಂ, ಹದಿನಾಲ್ಕನೇ ಪುಟ. ನೀವು ಒಪ್ಪಿದ್ದೀರಿ.”

“ಶುಭಾಶಯ ಕಳಿಸೋವಾಗ ಮನೆ ಗೊತ್ತಿತ್ತಲ್ಲಮ್ಮ?”

“ಅದು ಬೇರೆ ವಿಭಾಗ ಮೇಡಂ.”

ಹದಿನಾಲ್ಕನೆಯ ಪುಟ ಓದದೆ ಒಪ್ಪಿದ್ದು ನಿಜ. ಪುಸ್ತಕಗಳ ನಡುವೆ ಬದುಕುವ ನನಗೆ ಇದಕ್ಕಿಂತ ನಾಚಿಕೆ ಇನ್ನೊಂದಿಲ್ಲ. ಆದ್ದರಿಂದ ನಿಮ್ಮ ಕರಡನ್ನು ಮೂರು ಸಲ ಓದಿದೆ. ಕರೆ ಮಾಡಿದವರ ಸ್ಥಳವನ್ನು ಕಂಪನಿಗಳು ‘ಕಾರ್ಯಸಾಧ್ಯವಾದ ಮಟ್ಟಿಗೆ’ ತಿಳಿಸಬೇಕು ಎಂದಿದೆ. ಮಟ್ಟವನ್ನು ಅಳೆಯುವವರು ಯಾರು? ಅದೇ ಕಂಪನಿ. ವಿಳಾಸ ಸರಿಯಾಗಿಡುವ ಹೊಣೆ ಯಾರದು? ಗ್ರಾಹಕರದು. ಈ ವಾಕ್ಯಗಳನ್ನು ಬರೆದ ಕೈ ನಿಮ್ಮದೇ ಇರಬಹುದು, ಆದರೆ ಹೇಳಿಕೊಟ್ಟ ಬಾಯಿ ಯಾರದು? ಹದಿನಾಲ್ಕನೆಯ ಪುಟದ ಧಾಟಿಗೂ ನಿಮ್ಮ ಕರಡಿನ ಧಾಟಿಗೂ ಅಕ್ಕತಂಗಿಯರ ಹೋಲಿಕೆ ಕಾಣುತ್ತದೆ, ಅದಕ್ಕೆ ಕೇಳಿದೆ. ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುವವರು. ನೀವೋ ಅವರಿಗೆ ಬಾಗಿಲನ್ನೇ ತೆರೆದಿಟ್ಟಿದ್ದೀರಿ.

ನನ್ನ ಅನುಮಾನ ಇಷ್ಟಕ್ಕೇ ನಿಲ್ಲುವುದಿಲ್ಲ. ನಾಳೆ ನೀವು ನಿಯಮ ಬಿಗಿ ಮಾಡಿದಿರಿ ಎನ್ನೋಣ. ಆಂಬುಲೆನ್ಸಿನ ಹೆಸರಿನಲ್ಲಿ ನಾವಿರುವ ಜಾಗವನ್ನೆಲ್ಲ ಬರೆದಿಟ್ಟುಕೊಂಡು, ಅದನ್ನು ಶುಭಾಶಯದ ವಿಭಾಗಕ್ಕೆ ದಾಟಿಸುವುದಿಲ್ಲ ಎಂದು ನಂಬುವುದು ಹೇಗೆ?

ಹಾಗಾಗಿ ನಾನು ಕೇಳುವುದು ಇಷ್ಟು. ಪೆಟ್ಟಿಗೆಯನ್ನು ಕಿತ್ತು ಮತ್ತೆ ಸಿಕ್ಕಿಸಿದಾಗಲೆಲ್ಲ ‘ಈಗ ಎಲ್ಲಿದ್ದೀರಿ’ ಎಂದು ಕಂಪನಿಯೇ ಕೇಳಬೇಕು. ಉತ್ತರ ಸಿಗುವವರೆಗೆ ತುರ್ತು ಕರೆಯ ಹೊರತು ಬೇರೆ ಕರೆ ಹೋಗಕೂಡದು, ಮತ್ತು ಆ ತುರ್ತು ಕರೆ ವಿಳಾಸ ಖಾತ್ರಿಯಿಲ್ಲವೆಂಬ ಸೂಚನೆಯೊಂದಿಗೇ ಹೋಗಬೇಕು. ತುರ್ತಿಗೆಂದು ಪಡೆದ ಸ್ಥಳದ ವಿವರ ಬೇರೆ ಯಾವ ಕೆಲಸಕ್ಕೂ ಬಳಕೆಯಾಗಬಾರದು. ‘ಕಾರ್ಯಸಾಧ್ಯವಾದ ಮಟ್ಟಿಗೆ’ ಎಂಬುದನ್ನು ಹೊಡೆದುಹಾಕಿ. ಪೆನ್ನಿನ ಒಂದು ಗೀಟು ಸಾಕು.

ಇಂತಿ,
ಎಲ್ಲ ಪುಸ್ತಕಗಳ ಜಾಗ ಬಲ್ಲ,
ಅಕ್ಕನ ಜಾಗ ತಿಳಿಸಲಾರದೆ ಹೋದ ತಂಗಿ

ಮರೆತ ಮಾತು: ಲಕೋಟೆ ಅಂಟಿಸುವ ಹೊತ್ತಿಗೆ ದರ್ಜಿ ಬಂದಿದ್ದರು. ಅಕ್ಕ ಒಂದೇ ಕೈಯಲ್ಲಿ ಹಾಕಿಕೊಳ್ಳಲಾಗುವಂತೆ ಅವಳ ರವಿಕೆಗಳ ಹುಕ್ಕು ತೆಗೆದು, ಒತ್ತಿದರೆ ಅಂಟಿಕೊಳ್ಳುವ ಪಟ್ಟಿ ಹೊಲಿದು ತಂದಿದ್ದರು. ಈ ಪತ್ರವನ್ನು ಓದಿ ಹೇಳಿದೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅಂದರು: “ಎಲ್ಲಾ ಸರಿಯಾಗಿ ಬರ್ದಿದ್ದೀರಿ ಮೇಡಂ. ಆವತ್ತು ಗುರುವಾರ ಆಗಿತ್ತು. ಶುಕ್ರವಾರ ನಮ್ಮಂಗ್ಡಿಗೆ ರಜಾ ಅಂತ ಅದನ್ನೂ ಬರ್ದುಬಿಡಿ.”