ಬೇರಿನ ತುದಿಯಾಚೆ ಒಂದು ಚುಕ್ಕೆ

ಮಾರ್ಚ್ 4, ಸೋಮವಾರ. ಮಧ್ಯಾಹ್ನ 3

ರೂಟ್ ಕೆನಾಲಿನ ಎರಡನೇ ಸಿಟ್ಟಿಂಗೂ ಮುಗಿಯಿತು. ಎಡಗಡೆ ಕೆಳದವಡೆ, ಕೊನೆಯಿಂದ ಎರಡನೇ ಹಲ್ಲು. ಅರ್ಧ ತುಟಿ ಇನ್ನೂ ಮರಗಟ್ಟಿದೆ. ಕಾಫಿ ಕುಡಿಯಲು ಹೋಗಿ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡೆ.

ಸೊಸೆಯ ಕ್ಲಿನಿಕ್‌ನಲ್ಲೇ. ಸ್ಟೇಷನರಿ ಅಂಗಡಿಯ ಮೇಲೆ ಎರಡು ರೂಮು, ಶುರುವಾಗಿ ನಾಲ್ಕು ತಿಂಗಳು. ಹೊಸ ಕುರ್ಚಿಯ ವಾಸನೆ ಇನ್ನೂ ಹೋಗಿಲ್ಲ. ಬೇರು ತುಂಬಿದ ಮೇಲೆ ಎಕ್ಸ್‌ರೇ ತೋರಿಸಿದಳು. ಹಲ್ಲಿನೊಳಗೆ ಮೂರು ಬಿಳಿ ಗೆರೆ. ಒಂದರ ತುದಿಯಾಚೆ ಒಂದು ಬಿಳಿ ಚುಕ್ಕೆ.

"ಮಾವ, ಇದು ಸೀಲರ್. ಬೇರಿನೊಳಗೆ ಸಂದು ಉಳೀಬಾರದು ಅಂತ ಹಾಕೋ ಸಿಮೆಂಟು. ಒಂಚೂರು ತುದಿ ದಾಟಿದೆ. ಅಪಾಯ ಏನಿಲ್ಲ. ಎರಡು ಮೂರು ದಿನ ನೋವು ಜಾಸ್ತಿ ಇರಬಹುದು ಅಷ್ಟೆ. ಆ ಕಡೆ ಏನೂ ಅಗೀಬೇಡಿ."

"ದಾಟಬಾರದಾಗಿತ್ತಾ?"

"ದಾಟದಿದ್ರೆ ಒಳ್ಳೇದಿತ್ತು. ದಾಟಿದೆ. ನಿಮಗೆ ಗೊತ್ತಿರ್ಲಿ ಅಂತ ಹೇಳ್ತಿದೀನಿ."

ಯಾಕೋ ಹಿಡಿಸಲಿಲ್ಲ. ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಸೂಪರ್‌ವೈಸರ್ ಆಗಿದ್ದೆ. ಗಿರಾಕಿ ಮುಂದೆ ಹೀಗೆ ಒಪ್ಪಿಕೊಂಡ ನೆನಪಿಲ್ಲ.

ಮಾರ್ಚ್ 5, ಮಂಗಳವಾರ

ನೋವು. ಹಲ್ಲಿಗೊಂದು ಎದೆ ಇದ್ದ ಹಾಗೆ ಬಡಿದುಕೊಳ್ಳುತ್ತಿದೆ. ಮಾತ್ರೆ ನುಂಗಿದರೆ ನಾಲ್ಕು ತಾಸು ತೆಪ್ಪಗಿರುತ್ತದೆ.

ಸಂಜೆ ಟಿವಿ ನೋಡುತ್ತ ಒಂದು ಹಿಡಿ ಹುರಿದ ಕಡಲೆಕಾಯಿ. ಬಲಗಡೆಯೇ ಅಗಿಯುತ್ತಿದ್ದೆ... ಯಾವ ಮಾಯದಲ್ಲಿ ಎಡಕ್ಕೆ ಹೋಯಿತೋ. ಕಟ್ ಅಂತ ಸದ್ದು. ಕಣ್ಣಿಗೆ ಕತ್ತಲೆ ಬಂತು. ಡಬ್ಬಿ ಮುಚ್ಚಿ ಮೊದಲಿದ್ದ ಜಾಗದಲ್ಲೇ ಇಟ್ಟೆ. ಹೆಂಡತಿಗೂ ಹೇಳಲಿಲ್ಲ.

ಮಾರ್ಚ್ 6, ಬುಧವಾರ

ಕೆನ್ನೆ ಹಿಡಿದುಕೊಂಡೇ ವಾಕಿಂಗ್. ಪಾರ್ಕಿನ ಬೆಂಚಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ಪೋಸ್ಟ್‌ಮಾಸ್ಟರು, ಇನ್ನಿಬ್ಬರು. ಏನಾಯ್ತು ಅಂತ ಮೇಷ್ಟ್ರು ಕೇಳಿದರು.

"ನಮ್ಮನೆ ಡಾಕ್ಟರಮ್ಮನ ಕೈಚಳಕ. ಸಿಮೆಂಟೆಲ್ಲ ದವಡೆಯೊಳಗೆ ಸುರಿದಿದಾಳೆ."

ನಕ್ಕರು. ನೋವಿನಲ್ಲೂ ನಾನೂ ನಕ್ಕೆ. ಮೇಷ್ಟ್ರ ಹೆಂಡತಿ ಸೊಸೆಯ ಪೇಷಂಟು. ಅದು ಆಗ ನೆನಪಿಗೆ ಬರಲಿಲ್ಲ. — ಬಂದಿತ್ತು. ಈ ಡೈರಿಯಲ್ಲಾದರೂ ಸುಳ್ಳು ಬರೆಯಬಾರದು.

ಅಕ್ಕ ಫೋನ್ ಮಾಡಿದ್ದಳು. ಅವಳಿಗೂ ರೂಟ್ ಕೆನಾಲ್, ನಾಳೆ ಸೊಸೆ ಹತ್ತಿರವೇ ಅಪಾಯಿಂಟ್‌ಮೆಂಟ್. "ಹೇಗೋ ಮಾಡ್ತಾಳೆ? ಧೈರ್ಯವಾಗಿ ಹೋಗ್ಬಹುದಾ?"

"ಇನ್ನೂ ಕೈ ಕುದುರಿಲ್ಲ ಅಕ್ಕ. ಸ್ವಲ್ಪ ದಿನ ತಡಿ."

ಪಕ್ಕದ ಕೋಣೆಯಲ್ಲಿ ಸೊಸೆ ಬಟ್ಟೆ ಮಡಚುತ್ತಿದ್ದಳು. ದನಿ ತಗ್ಗಿಸಿದ್ದೆ.

ಮಾರ್ಚ್ 8, ಶುಕ್ರವಾರ

ಕನ್ನಡಕ ಸರಿಮಾಡಿಸಿಕೊಂಡು ಬರುತ್ತೇನೆ ಅಂತ ಮನೆಯಲ್ಲಿ ಹೇಳಿ ಹೊರಟೆ. ಎರಡು ಬಸ್ ಬದಲಾಯಿಸಿ ಊರಿನ ಆ ತುದಿಗೆ, ಬಿಳಿಗಡ್ಡದ ಹಲ್ಲಿನ ಡಾಕ್ಟರ ಹತ್ತಿರ. ಎಕ್ಸ್‌ರೇ ತೆಗೆದು ತುಂಬ ಹೊತ್ತು ನೋಡಿದರು.

"ಯಾರು ಮಾಡಿದ್ದು?"

"ಯಾರೋ ಒಬ್ಬ ಹುಡುಗಿ."

"ಅಚ್ಚುಕಟ್ಟಾಗಿದೆ. ಬೇರಿನ ಮೂರೂ ಕಾಲುವೆ ತುದಿವರೆಗೂ ತುಂಬಿದಾಳೆ. ಈ ಚುಕ್ಕೆ ನನ್ನ ಕೈಯಲ್ಲೂ ಆಗುತ್ತೆ. ಹೇಳಿದ್ಲಾ ನಿಮಗೆ?"

"ಹೇಳಿದ್ಲು."

"ಹಾಗಾದ್ರೆ ಅವಳನ್ನ ಬಿಡ್ಬೇಡಿ. ನಮ್ಮಲ್ಲಿ ಎಷ್ಟೋ ಜನ ಬಾಯಿ ಬಿಡಲ್ಲ." ಮತ್ತೆ ಬಾಯೊಳಗೆ ಕನ್ನಡಿ ಇಟ್ಟರು. "ಮೇಲಿನ ಫಿಲ್ಲಿಂಗ್ ಒಡೆದಿದೆಯಲ್ಲ. ಈ ಕಡೆ ಗಟ್ಟಿ ಏನಾದ್ರೂ ಅಗಿದ್ರಾ?"

"ಇಲ್ಲ."

ಚಿಮಟದಲ್ಲಿ ವಸಡಿನ ಸಂದಿಯಿಂದ ಏನೋ ಎಳೆದು, ದೀಪದ ಕೆಳಗೆ ಹಿಡಿದರು. ಕೆಂಪು ಸಿಪ್ಪೆ.

"ಕಡ್ಲೆಕಾಯಿ ಚೆನ್ನಾಗಿತ್ತಾ?"

ಅರವತ್ತಾರು ವರ್ಷದ ಗಂಡಸು. ಬಾಯಿ ತೆರೆದುಕೊಂಡು ಮಲಗಿದ್ದೆ. ಮುಖ ಆಚೆ ತಿರುಗಿಸುವುದಕ್ಕೂ ಆಗಲಿಲ್ಲ.

ತಾತ್ಕಾಲಿಕವಾಗಿ ಹೊಸ ಫಿಲ್ಲಿಂಗ್ ಹಾಕಿ, ಎತ್ತರವಾಗಿದ್ದ ಕಡೆ ಒಂದಿಷ್ಟು ಉಜ್ಜಿದರು. ಬಸ್ಸಿನಲ್ಲಿ ಕೂರುವ ಹೊತ್ತಿಗೆ ಅರ್ಧ ನೋವು ಇಳಿದಿತ್ತು.

ಮಾರ್ಚ್ 10, ಭಾನುವಾರ

ನೋವು ಪೂರ್ತಿ ಹೋಗಿದೆ. ಆದರೂ ಸೊಸೆ ಎದುರಿಗೆ ಬಂದರೆ ಕೈ ತಾನಾಗಿ ಕೆನ್ನೆಗೆ ಹೋಗುತ್ತದೆ. ಗುಣವಾಯಿತು ಅಂದರೆ ಬೆಂಚಿನಲ್ಲಿ ಆಡಿದ್ದು ಏನಾಗಬೇಕು?

"ಇನ್ನೂ ನೋಯ್ತಿದೆಯಾ ಮಾವ?" ಅಂದಳು. ತಟ್ಟೆಯಲ್ಲಿ ಅನ್ನ ಮೆತ್ತಗೆ ಹಿಸುಕಿ ತಂದಿದ್ದಳು. ಐದು ದಿನದಿಂದ ಹಾಗೇ ತರುತ್ತಿದ್ದಾಳೆ.

"ಪರವಾಗಿಲ್ಲ," ಅಂದೆ, ನೋವಿದ್ದವನ ದನಿಯಲ್ಲಿ.

ಮಗ ಹೇಳಿದ: ಈ ವಾರ ನಾಲ್ಕು ಜನ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದರಂತೆ. ಯಾಕೋ ಗೊತ್ತಾಗುತ್ತಿಲ್ಲವಂತೆ. ತಟ್ಟೆ ಸರಿಸಿ ಎದ್ದೆ.

ಮಾರ್ಚ್ 13, ಬುಧವಾರ. ಸಂಜೆ

ಚೆಕಪ್‌ಗೆ ಬನ್ನಿ ಅಂದಳು. ತಪ್ಪಿಸಿಕೊಳ್ಳಲು ನೆಪ ಸಿಗಲಿಲ್ಲ. ವೇಟಿಂಗ್ ರೂಮಿನಲ್ಲಿ ಯಾರೂ ಇಲ್ಲ. ಫ್ಯಾನ್ ಮಾತ್ರ ತಿರುಗುತ್ತಿತ್ತು.

ಬಾಯಿ ತೆರೆದ ತಕ್ಷಣ ಅವಳ ಕೈ ನಿಂತಿತು. ಅವಳು ಹಾಕಿದ್ದು ಬಿಳಿ ಫಿಲ್ಲಿಂಗು. ಈಗ ಇರುವುದು ನಸುಗೆಂಪು. ಅದು ನನ್ನ ತಲೆಗೇ ಹೊಳೆದಿರಲಿಲ್ಲ. ನರ್ಸನ್ನು ಏನೋ ತರಲು ಕೆಳಗಿನ ಅಂಗಡಿಗೆ ಕಳಿಸಿ, ಬಾಗಿಲು ಮುಂದೆ ಮಾಡಿದಳು.

"ಎಲ್ಲಿ ತೋರಿಸಿದ್ರಿ ಮಾವ?"

ಹೇಳಿದೆ.

"ಏನಂದ್ರು?"

"ನೀನು ಮಾಡಿದ್ದು ಸರಿಯಾಗಿದೆ ಅಂದ್ರು."

"ಮನೇಲಿ ಯಾರಿಗಾದ್ರೂ ಹೇಳಿದ್ರಾ ಇದನ್ನ?"

ತಲೆಯಾಡಿಸಿದೆ, ಇಲ್ಲ ಅಂತ. ಗ್ಲೌಸ್ ಕಳಚಿ ಬುಟ್ಟಿಗೆ ಹಾಕಿದಳು. ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

"ಮೇಷ್ಟ್ರ ಹೆಂಡ್ತಿ ಫೋನಲ್ಲಿ ಹೇಳಿದ್ರು, ಸಿಮೆಂಟ್ ಸುರೀತೀಯಂತೆ ಅಂತ. ಎಲ್ಲಿಂದ ಬಂತು ಈ ಮಾತು ಅಂತ ಯೋಚನೆ ಮಾಡ್ತಿದ್ದೆ." ಕುರ್ಚಿಯ ದೀಪ ಆರಿಸಿ, "ತಪ್ಪು ನನ್ನದೇ ಬಿಡಿ. ಆ ಚುಕ್ಕೆ ತೋರಿಸಬಾರದಾಗಿತ್ತು. ಇನ್ಮೇಲೆ ಯಾರಿಗೂ ತೋರಿಸಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅದೇ ದಿನ, ಊಟ ಬಿಟ್ಟು

ಇದನ್ನು ಎಲ್ಲೂ ಬರೆದಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಒಂದು ಆಫೀಸಿನ ಲಿಫ್ಟು. ಬ್ರೇಕ್ ನಾನೇ ಬಿಗಿಮಾಡಿದ್ದು, ಸರಿಯಾಗಿ ಮಾಡಿರಲಿಲ್ಲ. ಲಿಫ್ಟು ಅರ್ಧ ಮಹಡಿ ಜಾರಿತು. ಒಬ್ಬ ಟೈಪಿಸ್ಟ್ ಹೆಂಗಸಿನ ಕಾಲಿನ ಗಂಟು ಮುರಿಯಿತು. ರಿಪೋರ್ಟಿನಲ್ಲಿ ಬರೆದೆ — ಹೆಚ್ಚು ಜನ ಹತ್ತಿದ್ದರು. ಆಕೆಯೂ ಅದನ್ನೇ ನಂಬಿದಳು. ತಾನು ಹತ್ತಬಾರದಾಗಿತ್ತು ಅಂತ ನನ್ನ ಹತ್ತಿರವೇ ಕ್ಷಮೆ ಕೇಳಿದಳು. ಪರವಾಗಿಲ್ಲ ಬಿಡಿ ಅಂದೆ.

ಸಾಸಿವೆಯಷ್ಟು ಚುಕ್ಕೆಯನ್ನು ತಾನಾಗಿ ತೋರಿಸಿದವಳಿಗೆ ನಾನು ಕಲಿಸಿದ್ದು ಇದನ್ನೇ. ಬಾಯಿ ಮುಚ್ಚಿಕೊಂಡಿರು.

ಮಾರ್ಚ್ 15, ಶುಕ್ರವಾರ

ಅಕ್ಕನ ಕೆನ್ನೆ ಬೂದುಗುಂಬಳದ ಹಾಗೆ ಊದಿದೆ. ಎಡಗಣ್ಣು ಅರ್ಧ ಮುಚ್ಚಿದೆ, ಜ್ವರ ಬೇರೆ. ನನ್ನ ಮಾತು ಕಟ್ಟಿಕೊಂಡು ಒಂಬತ್ತು ದಿನ ಲವಂಗ ಕಚ್ಚಿಕೊಂಡು ಕೂತಿದ್ದಳು. ಸೊಸೆ ಹತ್ತಿರ ಹೋಗೋಣ ಅಂದೆ.

"ನೀನೇ ಹೇಳಿದ್ಯಲ್ಲೋ ಕೈ ಕುದುರಿಲ್ಲ ಅಂತ."

"ಸುಳ್ಳು ಹೇಳ್ದೆ ಅಕ್ಕ. ಅವಳು ಸರಿಯಾಗೇ ಮಾಡಿದ್ಲು. ನಾನು ಕಡ್ಲೆಕಾಯಿ ತಿಂದು ಹಾಳು ಮಾಡ್ಕೊಂಡೆ."

ನಗಲು ಹೋದಳು, ನೋವಿಗೆ ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. "ಹುಟ್ಟಿದಾಗಿನಿಂದ ಹೀಗೇ ಕಣೋ ನೀನು. ಆಟೋ ಕರಿ."

ಸೊಸೆ ಹಲ್ಲು ತೆರೆದು ಕೀವು ಇಳಿಸಿದಳು. ಮುಕ್ಕಾಲು ಗಂಟೆ. ಇನ್ನೆರಡು ದಿನ ತಡವಾಗಿದ್ದರೆ ಆಸ್ಪತ್ರೆಗೆ ಸೇರಿಸಬೇಕಾಗಿತ್ತು ಅಂದಳಷ್ಟೆ. ನನ್ನ ಕಡೆ ನೋಡಿ ಅಲ್ಲ, ಗೋಡೆ ನೋಡಿ.

ಮಾರ್ಚ್ 16, ಶನಿವಾರ

ಬೆಂಚಿಗೆ ಹೋಗಿ ನಿಜ ಹೇಳಿದೆ. ಮೊದಲು ತಮಾಷೆ ಅಂದುಕೊಂಡರು. ಆಮೇಲೆ ಯಾರೂ ನಗಲಿಲ್ಲ. ಮೇಷ್ಟ್ರು ಕೋಲಿನಿಂದ ನೆಲ ಕೆರೆಯುತ್ತ, "ನನ್ನ ಹೆಂಡ್ತಿ ಇಪ್ಪತ್ತು ಮನೆಗೆ ಹೇಳಿ ಆಗಿದೆ ಕಣ್ರೀ," ಅಂದರು.

ಮಾರ್ಚ್ 28, ಗುರುವಾರ. ಸಂಜೆ 6

ಹನ್ನೆರಡು ದಿನ ಬರೆಯಲಿಲ್ಲ. ಬರೆಯುವ ಮುಖ ಇರಲಿಲ್ಲ. ಆ ಇಪ್ಪತ್ತು ಮನೆಯಲ್ಲಿ ಹನ್ನೊಂದಕ್ಕೆ ಹೋಗಿ ಬಂದೆ. ಕೆಲವರು ಒಳಗೆ ಕರೆದರು, ಕೆಲವರು ಬಾಗಿಲಲ್ಲೇ ಕೇಳಿ ಕಳಿಸಿದರು.

ಮೊನ್ನೆ ನನ್ನ ಹಲ್ಲಿಗೆ ಕ್ಯಾಪ್ ಕೂತಿತು. ಗಟ್ಟಿಯಾಗಿದೆ.

ಇವತ್ತು ಅಕ್ಕನ ಹಲ್ಲಿನ ಬೇರು ತುಂಬುವ ದಿನ. ಬಾಗಿಲ ಹತ್ತಿರ ನಿಂತಿದ್ದೆ. ಎಕ್ಸ್‌ರೇ ಬಂತು. ಸೊಸೆ ಸ್ಕ್ರೀನ್ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬಾಯಿಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸ್ಕ್ರೀನನ್ನು ಅಕ್ಕನ ಕಡೆ ತಿರುಗಿಸಿದಳು.

"ದೊಡ್ಡತ್ತೆ, ಇಲ್ಲಿ ನೋಡಿ. ಒಂದು ಕಾಲುವೆ ಡೊಂಕಾಗಿದೆ. ತುದಿವರೆಗೆ ತುಂಬೋಕೆ ನನ್ನ ಕೈಲಿ ಆಗಿಲ್ಲ. ಇನ್ನೊಂದು ದಿನ ಬರ್ಬೇಕಾಗುತ್ತೆ ನೀವು."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಇಷ್ಟು ಜನಕ್ಕೆ ಹೇಳಿದೆ. ತಪ್ಪಾಯ್ತು ಅಂತ ಅವಳಿಗೆ ಮಾತ್ರ ಇನ್ನೂ ಹೇಳಿಲ್ಲ. ಇವತ್ತು ಹೇಳುತ್ತೇನೆ. ಮಗನ ಎದುರಿಗೇ, ಅವನ ಅಮ್ಮನ ಎದುರಿಗೇ. ಹೇಗೆ ಶುರುಮಾಡುವುದು... "ನೋಡಮ್ಮ" ಅಂತಲೋ, ಅಥವಾ—

ಮನೆಯ ಗೇಟಿನ ಸದ್ದು. ಚಪ್ಪಲಿ ಬಿಡುತ್ತಿದ್ದಾಳೆ. ಮಾವ ಎಲ್ಲಿ ಅಂತ ಕೇಳುತ್ತಿ—